ಮಳೆಗಾಲಕ್ಕೆ ಹಾಯಿದೋಣಿಯನ್ನು ಕೊಡಗಿಗೆ ತಂದು ಇಡುವ ಬಗೆ: ಸಮಗ್ರ ಮಾರ್ಗದರ್ಶಿ

ಮಂಗಳೂರು, ಮಲ್ಪೆ ಕಡೆ ಸಣ್ಣದೊಂದು ಹಾಯಿದೋಣಿ ಇಟ್ಟುಕೊಂಡು ಕೊಡಗಿನಲ್ಲಿ ವಾಸವಾಗಿರುವವರಿಗೆ ಏಪ್ರಿಲ್ ಮುಗಿಯುತ್ತಿದ್ದಂತೆ ಒಂದು ಚಿಂತೆ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಹಾಯಿದೋಣಿಯ ಪ್ರವಾಸಕ್ಕೆ ಹೇಳಿದ್ದಲ್ಲ. ಅಳಿವೆ ಬಾಗಿಲಲ್ಲಿ ಅಲೆ ಎದ್ದು ನಿಲ್ಲುತ್ತದೆ, ನದಿಯಲ್ಲಿ ಲಂಗರು ಹಾಕಿ ಬಿಟ್ಟರೆ ನೆರೆನೀರಿನ ಜೊತೆ ತೇಲಿಬರುವ ಮರದ ದಿಮ್ಮಿಗಳ ಭಯ. ಹಾಗಾಗಿ ದೋಣಿ ನೀರಿನಿಂದ ಮೇಲೆ ಬರಲೇಬೇಕು. ದೊಡ್ಡ ದೋಣಿಯಾದರೆ ಕರಾವಳಿಯ ಯಾರ್ಡ್‌ನಲ್ಲೇ ಇಡುವುದು ಲೇಸು. 20–22 ಅಡಿಯೊಳಗಿನ, ಒಂದು ಟನ್ ಆಸುಪಾಸು ತೂಗುವ, ಕೀಲ್ (ತಳದ ನಡುವೆ ನೀರಿಗಿಳಿಯುವ ಭಾರದ ರೆಕ್ಕೆ) ಮೇಲೆತ್ತಲು ಬರುವ ದೋಣಿಯಾದರೆ ಕ್ಯಾಂಟರ್ ಮೇಲೆ ಹೇರಿ ಮನೆಗೇ ತರಬಹುದು. ಕಣ್ಣೆದುರು ಇರುತ್ತದೆ, ವಾರಕ್ಕೊಮ್ಮೆ ನೋಡಬಹುದು, ರಿಪೇರಿಯನ್ನು ನಿಧಾನವಾಗಿ ಮಾಡಿಕೊಳ್ಳಬಹುದು.

ಆದರೆ ದೋಣಿ ಎತ್ತಿಡುವ ಬಗ್ಗೆ ಸಿಗುವ ಹೆಚ್ಚಿನ ಮಾಹಿತಿ ಹಿಮ ಬೀಳುವ ದೇಶಗಳದ್ದು. ಪೈಪಿನೊಳಗಿನ ನೀರು ಹೆಪ್ಪುಗಟ್ಟದಂತೆ ದ್ರಾವಣ ತುಂಬಿ, ಇಡೀ ದೋಣಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಎನ್ನುತ್ತಾರೆ. ಕೊಡಗಿನಲ್ಲಿ ಮೊದಲನೆಯದು ಅನಗತ್ಯ, ಎರಡನೆಯದು ಅಪಾಯ. ಬಿಗಿಯಾಗಿ ಸುತ್ತಿದ ದೋಣಿಯನ್ನು ಕಕ್ಕಡ (ಜುಲೈ–ಆಗಸ್ಟ್ ನಡುವಿನ ಜಡಿಮಳೆಯ ತಿಂಗಳು) ಮುಗಿದ ಮೇಲೆ ಬಿಚ್ಚಿದರೆ ಒಳಗೆಲ್ಲ ಬೂಷ್ಟು. ಇಲ್ಲಿ ನಾವು ಎದುರಿಸಬೇಕಾದದ್ದು ಮೇಲಿಂದ ಸುರಿಯುವ ಮಳೆಗಿಂತ ಹೆಚ್ಚಾಗಿ ಒಳಗೆ ನಿಂತುಬಿಡುವ ತೇವದ ಗಾಳಿಯನ್ನು. ಮುಂದಿನ ಕೆಲಸಗಳೆಲ್ಲ ಈ ಮೂರನ್ನು ಸಾಧಿಸಲಿಕ್ಕೆ: ಉಪ್ಪನ್ನು ಪೂರ್ತಿ ತೊಳೆಯಬೇಕು, ಬಿಸಿಲಿರುವಾಗಲೇ ಒಣಗಿಸಬೇಕು, ಆಮೇಲೆ ಗಾಳಿಯಾಡುವಂತೆ ಮುಚ್ಚಬೇಕು.

ಯಾವಾಗ ತರಬೇಕು

ಮೇ ಮೊದಲೆರಡು ವಾರದಲ್ಲಿ. ಅದಕ್ಕಿಂತ ತಡ ಬೇಡ. ನೈರುತ್ಯ ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳ ಮುಟ್ಟುತ್ತದೆ, ಕೆಲವೇ ದಿನಗಳಲ್ಲಿ ನಮ್ಮ ಕರಾವಳಿ ಮತ್ತು ಕೊಡಗಿಗೆ ಬರುತ್ತದೆ. ಅಷ್ಟರೊಳಗೆ ದೋಣಿ ಬಂದು, ಒಣಗಿ, ಹೊದಿಕೆಯ ಕೆಳಗೆ ನಿಂತಿರಬೇಕು. ಒಣಗಿಸಲಿಕ್ಕೇ ಹತ್ತು ಹನ್ನೆರಡು ದಿನದ ಬಿಸಿಲು ಬೇಕೆಂದು ಇಟ್ಟುಕೊಳ್ಳಿ, ಏಕೆಂದರೆ ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆ ಬಂದೇ ಬರುತ್ತದೆ.

ಇನ್ನೊಂದು ಕಾರಣವೂ ಇದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೇ ಕೊನೆಯ ಹೊತ್ತಿಗೆ ಮೀನುಗಾರಿಕೆ ದೋಣಿಗಳೆಲ್ಲ ದಕ್ಕೆಗೆ ಬಂದು ಸೇರುತ್ತವೆ. ಆಗ ಜಾಗವೂ ಇಕ್ಕಟ್ಟು, ಕ್ರೇನ್ ಸಿಗುವುದೂ ಕಷ್ಟ.

ಘಾಟಿಯ ವಿಚಾರವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗಳೂರಿನಿಂದ ಪುತ್ತೂರು, ಸುಳ್ಯ, ಸಂಪಾಜೆ ಮೂಲಕ ಮಡಿಕೇರಿಗೆ ಸುಮಾರು 140 ಕಿ.ಮೀ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಈ ರಸ್ತೆ ಕಡಿದುಹೋದದ್ದು ಎಲ್ಲರಿಗೂ ನೆನಪಿದೆ. ಮಳೆ ಜೋರಾದ ಮೇಲೆ ಭಾರೀ ವಾಹನಗಳಿಗೆ ನಿರ್ಬಂಧ ಬೀಳುವುದೂ ಉಂಟು. ದೋಣಿ ಹೇರಿದ ಲಾರಿ ಘಾಟಿ ಹತ್ತುವುದು ಒಣ ರಸ್ತೆಯಲ್ಲಿ, ಹಗಲಿನಲ್ಲಿ ಆಗಬೇಕು.

ಜಾಗದ ಆಯ್ಕೆ

ಕೊಡಗು ಎಂದರೆ ಎಲ್ಲ ಕಡೆ ಒಂದೇ ಮಳೆಯಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದುಂಟು, ಮಡಿಕೇರಿಯಲ್ಲಿ 120 ಇಂಚಿನ ಮೇಲೆ, ಕುಶಾಲನಗರದ ಕಡೆ ಇಳಿದರೆ 40 ಇಂಚಿನ ಆಸುಪಾಸು. ನೆಂಟರೋ ಸ್ನೇಹಿತರೋ ಕುಶಾಲನಗರ, ಶನಿವಾರಸಂತೆ ಕಡೆ ಇದ್ದು ಜಾಗ ಕೊಡುವುದಾದರೆ ಮರುಮಾತಿಲ್ಲದೆ ಅಲ್ಲಿಡಿ. ದೋಣಿಯ ಆರೋಗ್ಯಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಇಲ್ಲವಾದರೆ ಮನೆಯಂಗಳದಲ್ಲೇ ಇಡಬಹುದು, ಆದರೆ ಕೆಲಸ ಇಮ್ಮಡಿಯಾಗುತ್ತದೆ.

ಎಲ್ಲೇ ಆಗಲಿ, ಮರದ ಕೆಳಗೆ ಬೇಡ. ಸಿಲ್ವರ್ ಓಕ್ ಕೊಂಬೆ ಜುಲೈ ಗಾಳಿಗೆ ಮುರಿದು ಬಿದ್ದರೆ ಡೆಕ್ (ದೋಣಿಯ ಮೇಲ್ಹಾಸು) ಉಳಿಯುವುದಿಲ್ಲ. ಹಲಸಿನ ಮರವಂತೂ ಹತ್ತಿರವೂ ಬೇಡ. ಹಣ್ಣಾಗುವ ಕಾಲಕ್ಕೆ ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಿಗೆ ಆನೆ ಬರುವುದು ಅದಕ್ಕಾಗಿಯೇ, ದಾರಿಯಲ್ಲಿ ನಿಂತ ದೋಣಿಯನ್ನು ಅದು ಸುತ್ತಿಕೊಂಡು ಹೋಗುತ್ತದೆಂಬ ಖಾತರಿಯಿಲ್ಲ. ಬರೆಯ (ಗುಡ್ಡ ಕಡಿದ ಮಣ್ಣಿನ ಗೋಡೆ) ಅಂಚು, ಬರೆಯ ಬುಡ ಎರಡನ್ನೂ ಬಿಡಿ.

ನೆಲ ಮಣ್ಣಿನದಾಗಿದ್ದರೆ ಮಳೆಗೆ ಮೆತ್ತಗಾಗಿ ಆಧಾರಗಳು ಒಂದು ಕಡೆ ಇಳಿಯುತ್ತವೆ. ದೋಣಿ ವಾಲಿ ಬೀಳುವುದು ಹೀಗೆಯೇ. ಸಿಮೆಂಟ್ ನೆಲ ಅತ್ಯುತ್ತಮ. ಅದಿಲ್ಲದಿದ್ದರೆ ಜಲ್ಲಿ ಹಾಸಿ, ಅದರ ಮೇಲೆ ಕಲ್ಲು ಚಪ್ಪಡಿ ಕೂರಿಸಿ, ಸುತ್ತ ಚರಂಡಿ ತೆಗೆಯಿರಿ. ಕಾಫಿ ಕಣ ಮೇ ತಿಂಗಳಲ್ಲಿ ಖಾಲಿ ಇರುತ್ತದೆ, ಡಿಸೆಂಬರ್‌ವರೆಗೆ ಅದರ ಅಗತ್ಯವೂ ಬೀಳುವುದಿಲ್ಲ. ಮೂಲೆಯಲ್ಲಿ ಇಷ್ಟು ಜಾಗ ದೋಣಿಗೆ ಬಿಟ್ಟುಕೊಡಬಹುದು.

ಗೊಬ್ಬರದ ಗೋಡೌನ್ ಒಣಗಿರುತ್ತದೆ ಎಂದು ದೋಣಿಯ ಸಾಮಾನನ್ನು ಅಲ್ಲಿಗೆ ತಳ್ಳುವ ಯೋಚನೆ ಬರುತ್ತದೆ. ಖಂಡಿತ ಬೇಡ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇದೆ, ಅದರ ಪುಡಿ ತೇವ ಹೀರಿಕೊಂಡು ಸ್ಟೀಲಿನ ಮೇಲೂ ಕಲೆ, ತುಕ್ಕು ತರುತ್ತದೆ. ಮೈಲುತುತ್ತು ಇನ್ನೂ ಕೆಟ್ಟದ್ದು: ತಾಮ್ರದ ಅಂಶ ಒದ್ದೆ ಅಲ್ಯೂಮಿನಿಯಂ ಮೇಲೆ ಬಿದ್ದರೆ ಅಲ್ಲಿ ಲೋಹ ಗುಳಿ ಬೀಳುತ್ತಾ ಹೋಗುತ್ತದೆ. ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಅಲ್ಯೂಮಿನಿಯಂನದು. ಮುಂಗಾರಿಗೆ ಮೊದಲು ತೋಟಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸ್ಪ್ರೇ ಮಾಡುವ ದಿನ ದೋಣಿ, ಮಾಸ್ಟ್, ಹಾಯಿ ಮೂರನ್ನೂ ಮುಚ್ಚಿ ಅಥವಾ ದೂರ ಸಾಗಿಸಿ.

ದಕ್ಕೆಯಲ್ಲೇ ಮುಗಿಸಬೇಕಾದ ಕೆಲಸ

ದೋಣಿ ಎತ್ತುವ ಮೊದಲು ಮಾಸ್ಟ್ ಇಳಿಸಿ. ಇಳಿಸುವ ಮುನ್ನ ಅದನ್ನು ಹಿಡಿದು ನಿಲ್ಲಿಸುವ ತಂತಿಗಳನ್ನು ಬಿಗಿಮಾಡುವ ಬಾಟಲ್ ಸ್ಕ್ರೂಗಳ ಸ್ಥಾನವನ್ನು ಟೇಪ್ ಸುತ್ತಿ ಗುರುತು ಮಾಡಿ, ಪ್ರತಿಯೊಂದರ ಫೋಟೊ ತೆಗೆದಿಡಿ. ಅಕ್ಟೋಬರ್‌ನಲ್ಲಿ ಮತ್ತೆ ಕಟ್ಟುವಾಗ ಅರ್ಧ ದಿನ ಉಳಿಯುತ್ತದೆ.

ಎತ್ತುವುದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಹೈಡ್ರಾ ಕ್ರೇನ್. ಅಗಲವಾದ ಬಟ್ಟೆ ಬೆಲ್ಟ್‌ಗಳನ್ನೇ ಬಳಸಿ, ಕಬ್ಬಿಣದ ಸರಪಳಿ ಅಥವಾ ವೈರ್ ರೋಪ್ ದೋಣಿಯ ಮೈ ಮುಟ್ಟಕೂಡದು. ಎರಡು ಬೆಲ್ಟ್ ಹಿಂದಕ್ಕೂ ಮುಂದಕ್ಕೂ ಜಾರದಂತೆ ಒಂದಕ್ಕೊಂದು ಹಗ್ಗದಿಂದ ಕಟ್ಟಿ. ಮೇಲ್ಭಾಗದಲ್ಲಿ ಬೆಲ್ಟ್‌ಗಳ ನಡುವೆ ಅಡ್ಡಪಟ್ಟಿ ಇಡದಿದ್ದರೆ ದೋಣಿಯ ಅಂಚು ಒಳಕ್ಕೆ ಹಿಸುಕಿದಂತಾಗುತ್ತದೆ.

ದೋಣಿ ಮೇಲೆ ಬಂದ ಕೂಡಲೆ, ತಳ ಇನ್ನೂ ಒದ್ದೆಯಿರುವಾಗಲೇ, ಅಂಟಿಕೊಂಡ ಚಿಪ್ಪು ಮತ್ತು ಪಾಚಿಯನ್ನು ಕೆರೆದು ಪ್ರೆಶರ್ ನೀರಿನಿಂದ ತೊಳೆಯಿರಿ. ಒಣಗಲು ಬಿಟ್ಟರೆ ಅದೇ ಚಿಪ್ಪು ಮರುದಿನ ಉಳಿ ಹಿಡಿದು ಕೀಳಬೇಕಾಗುತ್ತದೆ. ಈ ಕೆಲಸವನ್ನು ಮನೆಗೆ ತಂದ ಮೇಲೆ ಮಾಡುವ ಯೋಚನೆ ಬೇಡ. ತಳಕ್ಕೆ ಬಳಿಯುವ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರವಿರುತ್ತದೆ, ತೊಳೆದ ನೀರು ಹೊರಟುಹೋಗುವುದು ನಮ್ಮ ತೋಡಿಗೆ, ಕೆರೆಗೆ. ತೊಳೆದ ನೀರು ಹಿಡಿಯುವ ವ್ಯವಸ್ಥೆಯಿರುವ ಜಾಗದಲ್ಲಿ ಮಾಡಿಸಿ. ಹಳೆ ಬಣ್ಣವನ್ನು ಒಣಗಿದ ಮೇಲೆ ಉಜ್ಜಿದರೆ ಏಳುವ ಧೂಳು ವಿಷ. ಉಜ್ಜಲೇಬೇಕಾದರೆ ಒದ್ದೆ ಮಾಡಿ, ಮುಖವಾಡ ಹಾಕಿಕೊಂಡು ಉಜ್ಜಿ.

ತೊಳೆದಾದ ಮೇಲೆ ತಳವನ್ನು ಬೆರಳಿನಿಂದ ಸವರುತ್ತಾ ಹೋಗಿ. ಫೈಬರ್ ದೋಣಿಯಲ್ಲಿ ಕೆಲವು ಕಡೆ ಸಣ್ಣ ಗುಳ್ಳೆಗಳು ಸಿಗಬಹುದು. ನೀರು ಹೊರಪದರದ ಮೂಲಕ ನುಸುಳಿ ಒಳಗಿನ ರಾಳದ ಜೊತೆ ಸೇರಿ ಆಮ್ಲದ ದ್ರವವಾದಾಗ ಹೀಗಾಗುತ್ತದೆ, ಚುಚ್ಚಿದರೆ ವಿನೆಗರ್‌ನಂಥ ವಾಸನೆ. ಎತ್ತಿದ ಮೊದಲ ಗಂಟೆಗಳಲ್ಲಿ ಇವು ಚೆನ್ನಾಗಿ ಕಾಣುತ್ತವೆ, ಒಣಗಿದ ಮೇಲೆ ಕೆಲವು ಕುಗ್ಗಿ ಮರೆಯಾಗುತ್ತವೆ. ಹಾಗಾಗಿ ಆಗಲೇ ಮಾರ್ಕರ್‌ನಿಂದ ಸುತ್ತು ಹಾಕಿ ಫೋಟೊ ತೆಗೆಯಿರಿ. ಒಂದೆರಡು ಗುಳ್ಳೆಗೆ ಗಾಬರಿ ಬೇಡ. ಆದರೆ ಅದರ ರಿಪೇರಿಯನ್ನು ಕೊಡಗಿನ ಮಳೆಗಾಲದಲ್ಲಿ ಮಾಡಲು ಹೋಗಬೇಡಿ. ಫೈಬರ್ ಒಣಗುವುದಿಲ್ಲ, ಒದ್ದೆ ಫೈಬರ್ ಮೇಲೆ ಹಚ್ಚಿದ ಎಪಾಕ್ಸಿ ನಿಲ್ಲುವುದಿಲ್ಲ.

ಲಾರಿಯ ಮೇಲೆ

ತೂಕ ನಡುವಿನ ಕೀಲ್ ಮೇಲೆ ಕೂರಬೇಕು, ಪಕ್ಕದ ಆಧಾರಗಳು ಬೀಳದಂತೆ ಹಿಡಿಯಲಿಕ್ಕೆ ಮಾತ್ರ. ಪಕ್ಕದ ಪ್ಯಾಡ್‌ಗಳು ಒಳಗಿನ ಅಡ್ಡಗೋಡೆ ಇರುವ ಕಡೆ ಒತ್ತಬೇಕು, ಬರಿಯ ಮೈ ಇರುವ ಕಡೆ ಒತ್ತಿದರೆ ಅಲ್ಲಿ ತಗ್ಗು ಬೀಳುತ್ತದೆ. ಘಾಟಿಯ ತಿರುವುಗಳಲ್ಲಿ ದೋಣಿ ಹಿಂದಕ್ಕೂ ಪಕ್ಕಕ್ಕೂ ಸರಿಯಲು ನೋಡುತ್ತದೆ, ಆದ್ದರಿಂದ ನಾಲ್ಕೂ ದಿಕ್ಕಿಗೆ ರ‍್ಯಾಚೆಟ್ ಬೆಲ್ಟ್ ಕಟ್ಟಿ, ಬೆಲ್ಟ್ ಮುಟ್ಟುವ ಕಡೆಯೆಲ್ಲ ಹಳೆ ಕಂಬಳಿ ತುಂಡು ಇಡಿ. ಸುಳ್ಯದಲ್ಲಿ ಒಮ್ಮೆ, ಸಂಪಾಜೆಯಲ್ಲಿ ಒಮ್ಮೆ ನಿಲ್ಲಿಸಿ ಬಿಗಿ ನೋಡಿ. ಮಾಸ್ಟ್ ಹೊರಚಾಚದಷ್ಟು ಉದ್ದದ ಲಾರಿಯನ್ನೇ ಹಿಡಿಯಿರಿ. ತೋಟದ ದಾರಿಯ ಮೇಲೆ ತೂಗಾಡುವ ಕರೆಂಟ್ ತಂತಿಯ ಎತ್ತರವನ್ನು ಹಿಂದಿನ ದಿನವೇ ಅಳೆದು, ತಗ್ಗಿದ್ದರೆ ಲೈನ್‌ಮನ್‌ಗೆ ಹೇಳಿ ಇಡಿ.

ಉಪ್ಪು ತೊಳೆಯುವುದು

ಇಡೀ ಕೆಲಸದಲ್ಲಿ ಜನ ಅತಿ ಬೇಗ ಮುಗಿಸಿಬಿಡುವುದು ಇದನ್ನೇ. ಅಡುಗೆಮನೆಯ ಉಪ್ಪು ಕೂಡ ಗಾಳಿಯ ತೇವಾಂಶ 75 ಶೇಕಡಾ ದಾಟಿದರೆ ನೀರೊಡೆಯಲು ಶುರುಮಾಡುತ್ತದೆ. ಕಡಲುಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದು ಇನ್ನೂ ಕಡಿಮೆ ತೇವಕ್ಕೇ ನೀರೆಳೆಯುತ್ತದೆ. ಕೊಡಗಿನ ಜುಲೈನಲ್ಲಿ ತೇವಾಂಶ 90ರ ಮೇಲೇ ಇರುತ್ತದೆ. ಅಂದರೆ ಒಂದು ಮೂಲೆಯಲ್ಲಿ ಉಳಿದ ಉಪ್ಪು ನಾಲ್ಕು ತಿಂಗಳೂ ಆ ಜಾಗವನ್ನು ಒದ್ದೆಯಾಗಿಯೇ ಇಡುತ್ತದೆ. ಬೂಷ್ಟು, ತುಕ್ಕು, ವಯರ್ ಹಸಿರುಗಟ್ಟುವುದು, ಎಲ್ಲ ಅಲ್ಲಿಂದ ಶುರು.

ಹೊರಗೆ ಪೈಪ್ ಹಿಡಿದರೆ ಸಾಲದು. ಒಳಗೂ ತೊಳೆಯಬೇಕು. ನೆಲದ ಹಲಗೆಗಳನ್ನೆಲ್ಲ ಎತ್ತಿ, ತಳದ ಗುಂಡಿಯನ್ನು ಸೋಪಿನ ನೀರಿನಿಂದ ಉಜ್ಜಿ, ಸಿಹಿನೀರು ಹಾಯಿಸಿ, ಸ್ಪಂಜಿನಿಂದ ಹಿಂಡಿ ತೆಗೆಯಿರಿ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡಿದರೆ ಉಪ್ಪು ಉಳಿದಿದೆಯೋ ಇಲ್ಲವೋ ತಿಳಿಯುತ್ತದೆ. ಡೀಸೆಲ್, ಆಯಿಲ್ ಸೋರಿದ ಕಡೆ ಹೀಗೆ ರುಚಿ ನೋಡಬೇಡಿ. ಲಂಗರಿನ ಸರಪಳಿಯನ್ನು ಅದರ ಗೂಡಿನಿಂದ ಪೂರ್ತಿ ಹೊರಗೆಳೆದು ತೊಳೆದು, ಹಲಗೆಯ ಮೇಲೆ ಹರಡಿ ಒಣಗಿಸಿ, ದೋಣಿಯೊಳಕ್ಕೆ ಮರಳಿಸದೆ ಬೇರೆಯೇ ಇಡಿ. ಗೂಡಿನ ನೀರು ಹೊರಹೋಗುವ ತೂತು ಮರಳಿನಿಂದ ಕಟ್ಟಿದೆಯೇ ನೋಡಿ.

ಕುಡಿಯುವ ನೀರಿನ ಟ್ಯಾಂಕ್, ಶೌಚದ ಪಂಪ್, ಸಿಂಕಿನ ಪೈಪ್‌ಗಳಲ್ಲಿ ಸಿಹಿನೀರು ಹಾಯಿಸಿ ಬರಿದು ಮಾಡಿ. ಹೊರಮೈಗೆ ಮೇಣದ ಪಾಲಿಶ್ ಒಂದು ಸಲ ಹಚ್ಚಿದರೆ ಒಳ್ಳೆಯದು. ಮಳೆಗಾಲದಲ್ಲಿ ಹಸಿರು ಪಾಚಿ ಕಟ್ಟುವುದನ್ನು ತಡೆಯಲಾಗದು, ಆದರೆ ಮೇಣದ ಮೇಲಿನ ಪಾಚಿ ಒರೆಸಿದರೆ ಹೋಗುತ್ತದೆ.

ಡೆಕ್ಕಿನ ಸೋರಿಕೆಯನ್ನೂ ಈಗಲೇ ಹಿಡಿಯಿರಿ. ಒಬ್ಬರು ಮೇಲಿಂದ ಪೈಪ್ ಹಿಡಿದು ಕಂಬಿಗಳ ಬುಡ, ಕಿಟಕಿಯ ಅಂಚು, ತಂತಿಗಳನ್ನು ಕಟ್ಟುವ ಪಟ್ಟಿಗಳ ಸುತ್ತ ಒಂದೊಂದಾಗಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಲಿ. ಸೀಲಂಟ್ ಹಿಡಿಯಲು ಒಣ ಡೆಕ್ ಬೇಕು, ಜೂನ್ ಮೇಲೆ ಅದು ಸಿಗುವುದಿಲ್ಲ. ಡೆಕ್ಕಿನ ಎರಡು ಪದರಗಳ ನಡುವೆ ಬಾಲ್ಸಾ ಮರವಿರುವ ದೋಣಿಯಾದರೆ ಒಂದು ಸಡಿಲ ಬೋಲ್ಟ್ ಸಾಕು, ಆ ಮರ ಕೊಳೆತು ಡೆಕ್ ಕಾಲಡಿಯಲ್ಲಿ ಮೆತ್ತಗಾಗುತ್ತದೆ.

ಎಂಜಿನ್

ಔಟ್‌ಬೋರ್ಡ್ ಎಂಜಿನ್ನನ್ನು (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವಂಥದ್ದು) ದೋಣಿಯಿಂದ ಬಿಚ್ಚಿ. 200 ಲೀಟರಿನ ಡ್ರಮ್ಮಿನಲ್ಲಿ ಸಿಹಿನೀರು ತುಂಬಿಸಿ, ಪ್ರೊಪೆಲ್ಲರ್ ತೆಗೆದಿಟ್ಟು, ನೀರೆಳೆಯುವ ತೂತುಗಳು ಮುಳುಗುವಂತೆ ಎಂಜಿನ್ ಇಳಿಸಿ, ನ್ಯೂಟ್ರಲ್‌ನಲ್ಲಿ 10–15 ನಿಮಿಷ ಓಡಿಸಿ. ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾದರೆ ಮಾತ್ರ ಒಳಗಿನ ದಾರಿಗಳೆಲ್ಲ ತೊಳೆದು ಹೋಗುತ್ತವೆ, ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ತೊಳೆದಂತೆ ಆಗುವುದಿಲ್ಲ.

ಪೆಟ್ರೋಲ್ ವಿಷಯದಲ್ಲಿ ಹಳೆಯ ಅಭ್ಯಾಸ ಬಿಡಬೇಕಾಗಿದೆ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾದವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಮಿತಿ ಮೀರಿದಾಗ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಕೊಡಗಿನ ಮಳೆಗಾಲಕ್ಕೆ ಇಂಥ ಪೆಟ್ರೋಲ್ ಟ್ಯಾಂಕಿನಲ್ಲಿ ಬಿಡುವುದು ತರವಲ್ಲ. ಟ್ಯಾಂಕ್ ಬರಿದು ಮಾಡಿ, ಆಯಿಲ್ ಬೆರೆಸದ ಪೆಟ್ರೋಲಾದರೆ ಜೀಪಿಗೆ ಹಾಕಿಬಿಡಿ. ಕಾರ್ಬ್ಯುರೇಟರ್ ಇರುವ ಎಂಜಿನ್ನಾದರೆ ಪೈಪ್ ಕಳಚಿ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಕೆಳಗಿನ ಬಟ್ಟಲಿನ ಸ್ಕ್ರೂ ಸಡಿಲಿಸಿ ಉಳಿದ ಹನಿಯನ್ನೂ ತೆಗೆಯಿರಿ. ಇಂಜೆಕ್ಷನ್ ಎಂಜಿನ್ನಾದರೆ ಕಂಪನಿಯ ಪುಸ್ತಕದಲ್ಲಿ ಹೇಳಿದಂತೆ ಮಾಡಿ, ಅದನ್ನು ಇಂಧನವಿಲ್ಲದೆ ಓಡಿಸಿ ನಿಲ್ಲಿಸುವುದು ಒಳ್ಳೆಯದಲ್ಲ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಸಣ್ಣ ಚಮಚ ಆಯಿಲ್ ಬಿಟ್ಟು, ಸ್ಟಾರ್ಟ್ ಮಾಡುವ ಹಗ್ಗವನ್ನು ನಿಧಾನವಾಗಿ ನಾಲ್ಕೈದು ಸಲ ಎಳೆದು ಪ್ಲಗ್ ಮತ್ತೆ ಹಾಕಿ. ಫೋರ್ ಸ್ಟ್ರೋಕ್ ಆಗಿದ್ದರೆ ಎಂಜಿನ್ ಆಯಿಲನ್ನು ಈಗಲೇ ಬದಲಿಸಿ, ಅಕ್ಟೋಬರ್‌ಗೆ ಮುಂದೂಡಬೇಡಿ. ಹಳೆ ಆಯಿಲಿನಲ್ಲಿ ಸೇರಿರುವ ಆಮ್ಲ ಮತ್ತು ತೇವ ನಾಲ್ಕು ತಿಂಗಳು ಬೇರಿಂಗ್‌ಗಳ ಮೇಲೆ ಕೂರುತ್ತವೆ. ಗೇರ್ ಆಯಿಲ್ ತೆಗೆದಾಗ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ, ಸೀಲ್ ಬದಲಿಸಲೇಬೇಕು. ಪ್ರೊಪೆಲ್ಲರ್ ಶಾಫ್ಟಿಗೆ ಮೀನಿನ ಗಾಳದ ದಾರ ಸುತ್ತಿಕೊಂಡಿದೆಯೇ ನೋಡಿ, ಸೀಲ್ ಕತ್ತರಿಸುವುದು ಹೆಚ್ಚಾಗಿ ಅದೇ. ಎಂಜಿನ್ ಮಾತ್ರ ನೆಟ್ಟಗೆ ನಿಲ್ಲಿಸಿ ಇಡಿ. ಒಳಗಿನ ನೀರು ಇಳಿದುಹೋಗಲು ಅದೇ ದಾರಿ.

ದೋಣಿಯೊಳಗೆ ಕೂರಿಸಿದ ಡೀಸೆಲ್ ಎಂಜಿನ್ ಇರುವವರು ಟ್ಯಾಂಕ್ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ ಮಾಡಬೇಕು: ಮನೆಗೆ ಬಂದ ಮೇಲೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ. ಖಾಲಿ ಜಾಗವಿದ್ದರೆ ಅದರ ಗೋಡೆಗೆ ತೇವ ಹನಿಗಟ್ಟಿ ಡೀಸೆಲಿನ ತಳ ಸೇರುತ್ತದೆ, ಆ ನೀರಿನಲ್ಲಿ ಸೂಕ್ಷ್ಮಜೀವಿ ಬೆಳೆದು ಫಿಲ್ಟರ್ ಕಟ್ಟುತ್ತದೆ. ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ತೆಗೆದು ಕೀಲಿಯ ಗೊಂಚಲಿಗೆ ಕಟ್ಟಿ, ಅದನ್ನು ಹಾಕದೆ ಎಂಜಿನ್ ಚಾಲೂ ಆಗಬಾರದು.

ಬ್ಯಾಟರಿಯನ್ನು ಮನೆಯೊಳಗೆ ತನ್ನಿ. ಸೀಸದ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 12.7 ವೋಲ್ಟ್ ತೋರಿಸುತ್ತದೆ, 12.4ಕ್ಕಿಂತ ಕೆಳಗಿಳಿದು ಹಾಗೆಯೇ ಉಳಿದರೆ ಪ್ಲೇಟ್‌ಗಳು ಹಾಳು. ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಕಕ್ಕಡದಲ್ಲಿ ದಿನಗಟ್ಟಲೆ ಕರೆಂಟ್ ಇರದೆ ಹೋಗಬಹುದು, ಹಾಗಾಗಿ ಮಳೆ ಬಲಿಯುವ ಮೊದಲೇ ಒಂದು ಸುತ್ತು ಮುಗಿಸಿ. ಲಿಥಿಯಂ ಬ್ಯಾಟರಿಯನ್ನು ಮಾತ್ರ ಅರ್ಧ ಚಾರ್ಜಿನಲ್ಲಿ ಇಡಿ.

ಹಾಯಿ, ಹಗ್ಗ, ಮಾಸ್ಟ್

ಹಾಯಿಯನ್ನು ಒಣಗಿಸುವ ವಿಷಯದಲ್ಲಿ ಕಾಫಿ ಬೆಳೆಗಾರರಿಗಿರುವ ಅನುಕೂಲ ಕರಾವಳಿಯವರಿಗೂ ಇಲ್ಲ. ಅಷ್ಟು ದೊಡ್ಡ ಸಮತಟ್ಟು ಕಣ ಅವರಿಗೆಲ್ಲಿ ಸಿಗಬೇಕು? ಆದರೆ ಸಿಮೆಂಟಿನ ಮೇಲೆ ನೇರವಾಗಿ ಹರಡಬೇಡಿ. ಬಟ್ಟೆ ಉಜ್ಜಿ ಹೊಲಿಗೆ ಸವೆಯುತ್ತದೆ, ಉಳಿದ ಕಾಫಿ ಸಿಪ್ಪೆಯ ಪುಡಿ ಕಲೆ ಮಾಡುತ್ತದೆ. ಕಣ ಗುಡಿಸಿ, ತೊಳೆದ ಟಾರ್ಪಾಲ್ ಹಾಸಿ, ಅದರ ಮೇಲೆ ಹಾಯಿ. ಸಿಹಿನೀರು, ಮೆದು ಸೋಪು, ಮೆದು ಬ್ರಷ್ ಸಾಕು. ಬ್ಲೀಚ್ ನೈಲಾನ್ ಬಟ್ಟೆಯನ್ನು ತಿನ್ನುತ್ತದೆ, ಬಲೂನಿನಂತೆ ಉಬ್ಬುವ ಮುಂಭಾಗದ ಹಾಯಿ ನೈಲಾನಿನದ್ದಾದ್ದರಿಂದ ಅದಕ್ಕೆ ಬ್ಲೀಚ್ ತೋರಿಸಲೂ ಬಾರದು. ಬೆಳಗಿನ ಬಿಸಿಲಿಗೆ ಎರಡೂ ಮಗ್ಗುಲು ಒಣಗಿಸಿ, ಮಧ್ಯಾಹ್ನದೊಳಗೆ ತೆಗೆಯಿರಿ. ದಿನವಿಡೀ ಸುಡುಬಿಸಿಲಿನಲ್ಲಿ ಬಿಟ್ಟರೆ ನೂಲಿನ ಬಲ ಕುಂದುತ್ತದೆ. ಹೊಲಿಗೆ ಮತ್ತು ಮೂಲೆಗಳ ದಪ್ಪ ಪದರಗಳೇ ಕೊನೆಗೆ ಒಣಗುವುದು, ಕೆನ್ನೆಗೆ ತಾಗಿಸಿ ತಣ್ಣಗಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಒಳಗಿನ ಬಿದಿರುಪಟ್ಟಿಯಂಥ ಬ್ಯಾಟನ್‌ಗಳನ್ನು ತೆಗೆದು, ಹಾಯಿಯನ್ನು ಮಡಚದೆ ಸುರುಳಿ ಸುತ್ತಿ, ಹತ್ತಿ ಬಟ್ಟೆಯ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ. ಇಡಲು ಅಡುಗೆಮನೆಯ ಪಕ್ಕದ ಅಟ್ಟ ಅತ್ಯುತ್ತಮ, ಒಲೆಯ ಬಿಸಿ ಅಲ್ಲಿನ ಗಾಳಿಯನ್ನು ಒಣಗಿಸಿಟ್ಟಿರುತ್ತದೆ. ನೇರ ಹೊಗೆ ತಗಲುವ ಜಾಗವಾದರೆ ಮಸಿ ಹಿಡಿಯುತ್ತದೆ, ಅದನ್ನು ಬಿಡಿ. ನೆಲದ ಮೇಲಿಡದೆ ತೊಲೆಗೆ ನೇತುಹಾಕಿ, ಇಲಿಗೆ ಹಾಯಿಯ ಸುರುಳಿಗಿಂತ ಒಳ್ಳೆಯ ಗೂಡು ಬೇರೆ ಬೇಕಿಲ್ಲ.

ಹಗ್ಗಗಳನ್ನು ಮಾಸ್ಟಿನಿಂದ ಎಳೆಯುವ ಮೊದಲು ತುದಿಗೆ ತೆಳು ದಾರ ಹೊಲಿದು ಅದನ್ನು ಒಳಗೆ ಬಿಟ್ಟುಬಿಡಿ, ಮರಳಿ ಪೋಣಿಸಲು ಬೇಕಾಗುತ್ತದೆ. ಬಕೆಟ್ಟಿನಲ್ಲಿ ಸೋಪಿನ ನೀರಿಗೆ ಒಂದು ರಾತ್ರಿ ನೆನೆಹಾಕಿ, ಜಾಲಿಸಿ, ನೆರಳಿನಲ್ಲಿ ಒಣಗಿಸಿ.

ಮಾಸ್ಟನ್ನು ನಾಲ್ಕು ಕಡೆ ಆಧಾರ ಕೊಟ್ಟು ಮಲಗಿಸಿ, ನಡು ಜೋಲಬಾರದು. ಸ್ಟೀಲಿನ ತಂತಿಗಳನ್ನೆಲ್ಲ ಬಿಚ್ಚಿ ಬೇರೆ ಸುರುಳಿ ಮಾಡಿಡಿ. ತೇವದಲ್ಲಿ ಸ್ಟೀಲ್ ಮತ್ತು ಅಲ್ಯೂಮಿನಿಯಂ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ತಂತಿಯ ತುದಿಯಲ್ಲಿ ಒತ್ತಿ ಕೂರಿಸಿದ ಲೋಹದ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಕೂದಲೆಳೆ ಬಿರುಕು, ಕಂದು ಗೆರೆ, ಒಂದೇ ಒಂದು ಎಳೆ ಮುರಿದಿದ್ದರೂ ಆ ತಂತಿ ಬದಲಾಗಬೇಕು. ಮಾಸ್ಟ್ ಬೀಳುವುದು ಇಂಥ ಕಡೆಯಿಂದಲೇ, ನಾಲ್ಕು ತಿಂಗಳಲ್ಲಿ ಹೊಸದನ್ನು ತರಿಸಿಕೊಳ್ಳಲು ಬೇಕಾದಷ್ಟು ಸಮಯವಿದೆ.

ಒಳಗಿನಿಂದ ಏನೇನು ತೆಗೆಯಬೇಕು

ತೆಗೆಯಲು ಬರುವುದನ್ನೆಲ್ಲ. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಎಷ್ಟು ಗಾಳಿಯಾಡಿಸಿದರೂ ಒಳಗೆ ಅದಕ್ಕಿಂತ ಒಣಗುವುದಿಲ್ಲ. ಆದ್ದರಿಂದ ಬೂಷ್ಟಿಗೆ ಆಹಾರ ಸಿಗದಂತೆ ಮಾಡುವುದೇ ನಮ್ಮ ಕೈಲಿರುವುದು. ಹಾಸಿಗೆ, ಪರದೆ, ಪುಸ್ತಕ, ನಕ್ಷೆ, ಬಟ್ಟೆ, ಅಕ್ಕಿ ಬೇಳೆಯ ಡಬ್ಬಿ, ಮರದ ಸೌಟು, ಎಲ್ಲ ಮನೆಗೆ. ಗ್ಯಾಸ್ ಸಿಲಿಂಡರ್ ಹೊರಗಿನ ಶೆಡ್ಡಿಗೆ. ಜಿಪಿಎಸ್, ರೇಡಿಯೊಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ದೋಣಿಯಲ್ಲೇ ಉಳಿಯುವ ವಯರ್ ತುದಿಗಳಿಗೆ ವ್ಯಾಸಲೀನ್ ಸವರಿ.

ಲೈಫ್ ಜಾಕೆಟ್ ಬಗ್ಗೆ ಒಂದು ಮಾತು. ನೀರಿಗೆ ಬಿದ್ದೊಡನೆ ತಾನೇ ಉಬ್ಬುವ ಬಗೆಯದಾದರೆ ಅದರೊಳಗೆ ನೀರಿಗೆ ಕರಗುವ ಬಿಲ್ಲೆ ಇರಬಹುದು. ನಮ್ಮ ಮಳೆಗಾಲದ ತೇವಕ್ಕೇ ಆ ಬಿಲ್ಲೆ ಮೆತ್ತಗಾಗಿ ಅಲಮಾರಿನಲ್ಲಿದ್ದಂತೆಯೇ ಜಾಕೆಟ್ ಉಬ್ಬಿಬಿಡಬಹುದು. ಗ್ಯಾಸ್ ಕಾಟ್ರಿಡ್ಜ್ ಮತ್ತು ಬಿಲ್ಲೆ ಎರಡನ್ನೂ ಬಿಚ್ಚಿ ಒಣ ಡಬ್ಬದಲ್ಲಿಟ್ಟು, ಜಾಕೆಟ್ಟಿಗೆ "ಕಾಟ್ರಿಡ್ಜ್ ಇಲ್ಲ" ಎಂದು ದಪ್ಪಕ್ಷರದ ಚೀಟಿ ಕಟ್ಟಿ.

ಒಳಗಿನ ಗೋಡೆಗಳನ್ನು ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ ಒಣಗಲು ಬಿಡಿ. ಕಪಾಟುಗಳ ಬಾಗಿಲು, ಡ್ರಾಯರ್, ನೆಲದ ಹಲಗೆ ಎಲ್ಲ ತೆರೆದೇ ಇರಲಿ. ತೇವ ಹೀರುವ ಪುಡಿಯ ಡಬ್ಬಿಗಳನ್ನು ಮಾರುತ್ತಾರೆ, ಗಾಳಿಯಾಡುವ ದೋಣಿಯಲ್ಲಿ ಅವು ಎರಡೇ ದಿನದಲ್ಲಿ ನೀರಾಗುತ್ತವೆ. ಹೀಟರ್ ಹಚ್ಚಿಟ್ಟು ಬಾಗಿಲು ಮುಚ್ಚಿ ಬರುವುದಂತೂ ಬೆಂಕಿಗೆ ಆಹ್ವಾನ.

ನಿಲ್ಲಿಸುವುದು, ಮುಚ್ಚುವುದು

ಕೀಲ್ ಕೆಳಗೆ ಸಿಮೆಂಟ್ ಬ್ಲಾಕ್, ಅದರ ಮೇಲೆ ದಪ್ಪ ರಬ್ಬರ್. ಮರದ ದಿಮ್ಮಿ ನೆಲಕ್ಕೆ ತಾಗಿದರೆ ಗೆದ್ದಲು ಅದೇ ದಾರಿಯಲ್ಲಿ ಹತ್ತಿ ದೋಣಿಯ ಪ್ಲೈವುಡ್ ಅಡ್ಡಗೋಡೆಯವರೆಗೂ ಹೋಗುತ್ತದೆ. ಪಕ್ಕದ ಆಧಾರಗಳನ್ನು ಎದುರುಬದುರು ಸರಪಳಿಯಿಂದ ಬಿಗಿಯಿರಿ, ಆಗ ಅವು ಹೊರಕ್ಕೆ ಜಾರುವುದಿಲ್ಲ. ಮೂತಿ ಸ್ವಲ್ಪ ಮೇಲಿರಲಿ, ಒಳಗೆ ಬಿದ್ದ ನೀರು ಹಿಂದಿನ ತೂತಿನಿಂದ ಹರಿದುಹೋಗಲಿ. ತಳದ ಬಿರಡೆ ಬಿಚ್ಚಿ. ನೀರಿನ ವಾಲ್ವ್‌ಗಳನ್ನೆಲ್ಲ ತೆರೆದಿಡಿ. ಆದರೆ ಪ್ರತಿ ತೂತಿಗೂ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿ, ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತದೆ, ಇಲಿಯ ಹಿಂದೆ ಹಾವೂ ಬರುತ್ತದೆ.

ಹೊದಿಕೆಯನ್ನು ದೋಣಿಯ ಮೇಲೆ ಹಾಸಬಾರದು. ಜಿಐ ಪೈಪ್ ಅಥವಾ ಬಿದಿರಿನಿಂದ ಪ್ರತ್ಯೇಕ ಚಪ್ಪರ ಕಟ್ಟಿ, ಡೆಕ್ಕಿನಿಂದ ಕನಿಷ್ಠ ಎರಡಡಿ ಮೇಲೆ, ಹಂಚಿನ ಮನೆಯ ಮಾಡಿನಷ್ಟೇ ಇಳಿಜಾರಾಗಿ ದಪ್ಪ ಟಾರ್ಪಾಲ್ ಎಳೆಯಿರಿ. ಇಳಿಜಾರು ಕಡಿಮೆಯಾದರೆ ನೀರು ನಿಂತು ಜೋತು ಒಂದೇ ರಾತ್ರಿಯಲ್ಲಿ ಚಪ್ಪರ ಕುಸಿಯುತ್ತದೆ. ಮಳೆಗಾಳಿ ನಮಗೆ ಪಶ್ಚಿಮ, ನೈರುತ್ಯದಿಂದ ಬರುವುದರಿಂದ ಆ ಕಡೆಯ ಹೊದಿಕೆ ಮೊಣಕಾಲೆತ್ತರದವರೆಗೆ ಇಳಿಯಲಿ, ಪೂರ್ವದ ಕಡೆ ಪೂರ್ತಿ ತೆರೆದಿರಲಿ. ಟಾರ್ಪಾಲಿನ ಹಗ್ಗವನ್ನು ಯಾವ ಕಾರಣಕ್ಕೂ ದೋಣಿಯ ಆಧಾರಗಳಿಗೆ ಕಟ್ಟಬೇಡಿ. ಗಾಳಿ ಹೊದಿಕೆಯನ್ನು ಎತ್ತಿದಾಗ ಆಧಾರವನ್ನೇ ಕಿತ್ತುಕೊಂಡು ಹೋಗುತ್ತದೆ. ಚಪ್ಪರಕ್ಕೆ ಬೇರೆ ಗೂಟ.

ಮುಂದಿನ ಕಿಂಡಿಯನ್ನು ನಾಲ್ಕು ಬೆರಳು ಎತ್ತಿ, ಹಿಂದಿನ ಬಾಗಿಲಿಗೆ ಹಲಗೆಯ ಬದಲು ಜಾಲರಿ ಹಾಕಿದರೆ ಗಾಳಿ ಒಂದು ತುದಿಯಿಂದ ಇನ್ನೊಂದಕ್ಕೆ ತಾನಾಗಿ ಹಾಯುತ್ತದೆ.

ಮಳೆಗಾಲದಲ್ಲಿ

ವಾರಕ್ಕೊಮ್ಮೆ ಸುತ್ತು ಬನ್ನಿ. ಆಧಾರ ಸಡಿಲವಾಗಿದೆಯೇ, ನೆಲ ಕುಸಿದಿದೆಯೇ, ಟಾರ್ಪಾಲ್ ಹರಿದಿದೆಯೇ, ತಳದಲ್ಲಿ ನೀರಿದೆಯೇ ಎಂಬುದಷ್ಟು ಸಾಕು. ಜೋರು ಗಾಳಿ ಬೀಸಿದ ಮರುದಿನ ಬೆಳಿಗ್ಗೆ ತಪ್ಪದೆ ನೋಡಿ. ಕಕ್ಕಡದ ನಡುವೆಯೂ ಒಂದೆರಡು ದಿನ ಬಿಸಿಲು ಬಿಡುತ್ತದೆ. ಅಂಥ ದಿನ ಹನ್ನೊಂದರ ಹೊತ್ತಿಗೆ ಎಲ್ಲ ಕಿಂಡಿ ಬಾಗಿಲು ತೆರೆದು, ಸಂಜೆ ಮಂಜು ಇಳಿಯುವ ಮೊದಲು ಮಾಮೂಲಿ ಸ್ಥಿತಿಗೆ ತನ್ನಿ. ಬೂಷ್ಟಿನ ಚುಕ್ಕೆ ಕಂಡ ದಿನವೇ ವಿನೆಗರ್ ಬಟ್ಟೆಯಿಂದ ಒರೆಸಿ.

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್‌ಗೆ (ಕೊಡಗಿನ ಆಯುಧ ಪೂಜೆಯ ಹಬ್ಬ) ಮನೆಯ ಕೋವಿ, ಕತ್ತಿ, ಸಲಕರಣೆಗಳೆಲ್ಲ ಹೊರಗೆ ಬಂದು ಶುಚಿಯಾಗುವ ಹೊತ್ತಿನಲ್ಲಿ ದೋಣಿಯ ಲೋಹದ ಸಾಮಾನನ್ನೂ ಇಳಿಸಿ ಒರೆಸಿ, ಗ್ರೀಸ್ ಹಚ್ಚಿ. ಬದಲಿಸಬೇಕಾದ ಸೀಲ್, ತಂತಿ, ತಳದ ಬಣ್ಣಗಳಿಗೆ ಆಗಲೇ ಆರ್ಡರ್ ಕೊಟ್ಟರೆ ಸಮಯಕ್ಕೆ ಕೈಸೇರುತ್ತದೆ.

ಮರಳಿ ನೀರಿಗೆ

ತುಲಾ ಸಂಕ್ರಮಣ ಕಳೆದು, ಅಕ್ಟೋಬರ್ ಕೊನೆಗೆ ಹಿಂಗಾರಿನ ಸಂಜೆಮಳೆ ಕಡಿಮೆಯಾದ ಮೇಲೆ ಹೊರಡಬಹುದು. ತಳದ ಬಣ್ಣವನ್ನು ಕರಾವಳಿಯ ಯಾರ್ಡಿಗೆ ಹೋದ ಮೇಲೆಯೇ ಬಳಿಯಿರಿ. ಹೆಚ್ಚಿನ ಬಣ್ಣಗಳಿಗೆ ಬಳಿದ ಮೇಲೆ ಇಷ್ಟು ದಿನದೊಳಗೆ ನೀರಿಗಿಳಿಯಬೇಕೆಂಬ ಮಿತಿಯಿದೆ, ಡಬ್ಬದ ಮೇಲೆ ಬರೆದಿರುತ್ತದೆ.

ದೋಣಿ ಎತ್ತಿಡುವಾಗ ಬಿಚ್ಚಿದ್ದು, ತೆರೆದಿದ್ದು, ಜಾಲರಿ ಕಟ್ಟಿದ್ದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಲ್ಯಾಮಿನೇಟ್ ಮಾಡಿ ಚುಕ್ಕಾಣಿಗೆ ಕಟ್ಟಿರಬೇಕು. ತಳದ ಬಿರಡೆಯನ್ನೂ ಅದರ ಜೊತೆಗೇ ಕಟ್ಟಿ. ಕ್ರೇನ್ ಬರುವ ಮೊದಲು ಆ ಹಾಳೆಯನ್ನು ಮೇಲಿಂದ ಕೆಳಕ್ಕೆ ಓದುತ್ತಾ ಒಂದೊಂದನ್ನೇ ಮುಚ್ಚಿ, ಜಾಲರಿ ತೆಗೆದು, ಬಿರಡೆ ಬಿಗಿಯಿರಿ. ದೋಣಿ ನೀರು ಮುಟ್ಟಿದ ಮೇಲೂ ಬೆಲ್ಟ್ ಕಳಚಲು ಹೇಳಬೇಡಿ. ಹತ್ತು ನಿಮಿಷ ಹಾಗೆಯೇ ತೂಗಿ ನಿಲ್ಲಿಸಿ, ಒಳಗಿಳಿದು, ಪ್ರತಿ ವಾಲ್ವ್, ಪ್ರತಿ ಪೈಪಿನ ಕ್ಲಿಪ್ಪನ್ನು ಕೈಯಿಂದ ಸವರಿ ನೋಡಿ. ಒಣಗಿದ್ದರೆ ಮಾತ್ರ ಕ್ರೇನ್‌ನವರಿಗೆ ಕೈ ಬೀಸಿ.